ಐರ್ಲೆಂಡಿನ ಮಾಜಿ ಮಂತ್ರಿಯ ಸಹಿ

ಸತ್ತವರ ಮನೆಗೆ ಹೋಗಿ, ಚಪ್ಪಲಿ ಬಿಡುವಷ್ಟರಲ್ಲಿ ಮುಖ ಸಪ್ಪಗೆ ಮಾಡಿಕೊಂಡು, ಯಜಮಾನನ ಕೈ ಹಿಡಿದು ಒಂದು ನಿಮಿಷ ಸುಮ್ಮನೆ ಕೂರುವ ವಿದ್ಯೆಯಲ್ಲಿ ನಮ್ಮ ಸಾಹೇಬರನ್ನು ಮೀರಿಸುವವರು ಇಲ್ಲವೆಂದೇ ನಾನು ನಂಬಿದ್ದೆ. ನಂಬಲು ಕಾರಣವಿತ್ತು. ಬೆಳಗಾವಿ ಕಡೆಯ ಒಬ್ಬ ಶಾಸಕರಿಗೆ ಇಪ್ಪತ್ತಾರು ವರ್ಷ ಆಪ್ತ ಸಹಾಯಕನಾಗಿದ್ದವನು ನಾನು. ಅವರು ಹದಿನೆಂಟು ತಿಂಗಳ ಮಟ್ಟಿಗೆ ತೂಕ ಮತ್ತು ಅಳತೆಯ ರಾಜ್ಯ ಸಚಿವರೂ ಆಗಿದ್ದರು. ಸಂಪುಟ ಸಭೆಗೆ ಕರೆಯದ, ದೊಡ್ಡ ಕಡತ ಬರದ, ಕೆಂಪು ದೀಪದ ಕಾರು ಮಾತ್ರ ಬರುವ ಮಂತ್ರಿಗಿರಿ ಅದು. ತಾಲ್ಲೂಕಿನಲ್ಲಿ ಯಾರು ಸತ್ತರೂ ಬೆಳಗಿನ ಎಂಟು ಗಂಟೆಯೊಳಗೆ ನನಗೆ ಗೊತ್ತಾಗುತ್ತಿತ್ತು. ಹತ್ತಕ್ಕೆ ಸಾಹೇಬರು ಅಲ್ಲಿರುತ್ತಿದ್ದರು.

ಹೋದ ಅಕ್ಟೋಬರಿನಲ್ಲಿ ಕೆನಡಾದ ತಂಗಿಯ ಮನೆಗೆ ಹೋಗಿ ಬಂದೆ. ಅಲ್ಲಿ ಆ ನಂಬಿಕೆ ಮುರಿಯಿತು. ಊರಲ್ಲಿ ಸಿಕ್ಕವರೆಲ್ಲ ನಯಾಗರಾ ನೋಡಿದಿರಾ ಎಂದು ಕೇಳುತ್ತಾರೆ. ನೋಡಿದೆ. ನೀರು ಮೇಲಿನಿಂದ ಕೆಳಕ್ಕೆ ಬೀಳುತ್ತದೆ. ಗೋಕಾಕದಲ್ಲೂ ಹಾಗೆಯೇ ಬೀಳುತ್ತದೆ. ನಾನು ಹೇಳಬೇಕೆಂದಿರುವುದು ಬೇರೆ.

ನ್ಯೂಮಾರ್ಕೆಟ್, ಮೊದಲ ವಾರ

ನ್ಯೂಮಾರ್ಕೆಟ್ ತಂಗಿ ಗಂಗಾ ಇರುವ ಊರು. ಅವಳು ಆಸ್ಪತ್ರೆಯೊಂದರಲ್ಲಿ ರೋಗಿಗಳ ರಕ್ತ ತೆಗೆಯುವ ಕೆಲಸ ಮಾಡುತ್ತಾಳೆ. ಗಂಡ ಮಹಾಂತೇಶ ಟ್ರಕ್ ಓಡಿಸುತ್ತಾರೆ, ಹತ್ತು ದಿನಕ್ಕೊಮ್ಮೆ ಮನೆಯಲ್ಲಿ ಕಾಣಿಸುತ್ತಾರೆ. ಹದಿನೈದರ ಮಗಳು ಶ್ರೇಯಾ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಅದೂ ಫೋನಿನಿಂದ ಕಣ್ಣೆತ್ತದೆ. ಮನೆಯೊಳಗೆ ಕಾಲಿಟ್ಟ ಕೂಡಲೇ ಗಂಗಾ, "ಅಣ್ಣಾ, ಬೇಸ್‌ಮೆಂಟಿನಾಗ ನಿನ್ನ ರೂಮ್ ಮಾಡೀನಿ, ಹೀಟರ್ ಹಚ್ಚೀನಿ, ಮತ್ತ ಥಂಡಿ ಅಂತ ಬೈಬ್ಯಾಡ" ಎಂದಳು. ಅವಳಿಗೆ ನನ್ನ ಸ್ವಭಾವ ಗೊತ್ತು.

ಮರುದಿನ ಮಂಕಿ ಕ್ಯಾಪ್ ಹಾಕಿಕೊಂಡು ವಾಕಿಂಗ್ ಹೊರಟವನಿಗೆ ಎದೆ ಧಸಕ್ಕೆಂದಿತು. ಎದುರು ಮನೆಯ ಅಂಗಳದಲ್ಲಿ ಮೂರು ಗೋರಿಗಳು. ಅದರಾಚೆ ಮರಕ್ಕೆ ನೇತುಹಾಕಿದ ಅಸ್ಥಿಪಂಜರ. ಇನ್ನೊಂದು ಮನೆಯ ಹುಲ್ಲಿನೊಳಗಿಂದ ಮೇಲೆದ್ದ ಕೈ. ಓಡಿ ಬಂದು ಹೇಳಿದರೆ ಶ್ರೇಯಾ, "ಮಾಮಾ, ಇಟ್ಸ್ ಜಸ್ಟ್ ಪ್ಲಾಸ್ಟಿಕ್" ಎಂದಳು. ಅದು ಅವರ ಹಬ್ಬವಂತೆ. ನಮ್ಮಲ್ಲಿ ಸ್ಮಶಾನದ ದಾರಿಯಿಂದ ಬಂದವರಿಗೆ ಕಾಲು ತೊಳೆಯದೆ ಒಳಗೆ ಬಿಡುವುದಿಲ್ಲ. ಇವರು ಸ್ಮಶಾನವನ್ನೇ ಅಂಗಡಿಯಿಂದ ಕೊಂಡು ತಂದು ಬಾಗಿಲಲ್ಲಿ ಇಟ್ಟುಕೊಂಡು ಮಕ್ಕಳಿಗೆ ಚಾಕೊಲೇಟು ಹಂಚುತ್ತಾರೆ. ನಿಜವಾಗಿ ಯಾರಾದರೂ ಸತ್ತರೆ ಬೀದಿಯಲ್ಲಿ ಒಂದು ಸದ್ದಿಲ್ಲ.

ಅದೇ ವಾರ ಕಸದ ಡಬ್ಬಿಯ ವಿಷಯದಲ್ಲಿ ನನ್ನಿಂದ ತಪ್ಪಾಯಿತು. ಅಲ್ಲಿ ಕಸಕ್ಕೂ ಪಂಚಾಂಗವಿದೆ. ಯಾವ ಡಬ್ಬಿ ಯಾವ ದಿನ ರಸ್ತೆಗೆ ಇಡಬೇಕೆಂಬುದು ಅಚ್ಚಾಗಿ ಫ್ರಿಜ್ಜಿನ ಮೇಲಿರುತ್ತದೆ. ನಾನು ಉಪಕಾರ ಮಾಡಲು ಹೋಗಿ ತಪ್ಪು ಡಬ್ಬಿಯನ್ನು ತಪ್ಪು ದಿನ ಇಟ್ಟೆ. ಕಸದವರು ಅದನ್ನು ಮುಟ್ಟದೆ ಒಂದು ಚೀಟಿ ಅಂಟಿಸಿ ಹೋದರು. ಚೀಟಿ ಹಿಡಿದು ನಿಂತಿದ್ದಾಗ ಪಕ್ಕದ ಮನೆಯಿಂದ ಒಬ್ಬ ಎತ್ತರದ, ಕೆಂಪು ಮುಖದ, ಎಪ್ಪತ್ತರ ಹತ್ತಿರದ ಮನುಷ್ಯ ಕೈ ಚಾಚಿಕೊಂಡೇ ನಡೆದು ಬಂದ. ಮಾತಿಗೆ ಮೊದಲು ಕೈ ಬಂತು. ಎರಡು ಕೈಗಳಿಂದ ನನ್ನ ಒಂದು ಕೈ ಹಿಡಿದ. ಎರಡು ನಿಮಿಷದಲ್ಲಿ ನನ್ನ ಹೆಸರು, ಊರು, ನದಿಯ ಹೆಸರು, ಬೆಳೆ, ಹೆಂಡತಿ ತೀರಿಕೊಂಡದ್ದು ಎಲ್ಲ ಕೇಳಿ ತಿಳಿದುಕೊಂಡ. ಆಮೇಲೆ ಚೀಟಿಯನ್ನು ಓದಿ, ದನಿ ತಗ್ಗಿಸಿ, ಯಾರಿಗೋ ಒಂದು ಮಾತು ಹೇಳುತ್ತೇನೆ, ನನಗೆ ಬಿಡಿ ಎಂದ.

ಆ ದೇಶದಲ್ಲಿ ಅವನಿಗೆ ತನ್ನ ಅಕ್ಕನ ಹೊರತು ಒಬ್ಬರೂ ಗೊತ್ತಿಲ್ಲವೆಂದು ನನಗೆ ಆಮೇಲೆ ತಿಳಿಯಿತು. ಆದರೆ ಆ ಕ್ಷಣಕ್ಕೇ ನನಗೆ ಬೇರೊಂದು ತಿಳಿದುಹೋಯಿತು. ಈ ಮನುಷ್ಯ ರಾಜಕಾರಣಿ.

ಬೇಲಿಯ ಆಚೆ

ಹೆಸರು ಡೆನಿಸ್. ಐರ್ಲೆಂಡಿನ ಪಶ್ಚಿಮದ ಒಂದು ಹಳ್ಳಿಗಾಡಿನಿಂದ ಡಬ್ಲಿನ್ನಿನ ಪಾರ್ಲಿಮೆಂಟಿಗೆ ಇಪ್ಪತ್ತೇಳು ವರ್ಷ ಹೋಗಿ ಬಂದವನು. ಹೋದ ಚುನಾವಣೆಯಲ್ಲಿ ಸೋತು, ಈಗ ವಿಧವೆ ಅಕ್ಕ ನೋರಾಳ ಬೇಸ್‌ಮೆಂಟಿನಲ್ಲಿ ಇಳಿದುಕೊಂಡಿದ್ದ. ಹಾಗಾಗಿ ಬೇಲಿಯ ಈಚೆಗೊಬ್ಬ, ಆಚೆಗೊಬ್ಬ, ನೆಲಮಾಳಿಗೆಯಲ್ಲಿ ಇಬ್ಬರು ನಿರುದ್ಯೋಗಿಗಳಾದೆವು. ದಿನಾ ಹನ್ನೊಂದು ಗಂಟೆಗೆ ಗಂಗಾಳ ಮನೆಯ ಹಿಂದಿನ ಕಟ್ಟೆಯಲ್ಲಿ ಚಹಾ. ಅವನ ಚಹಾ ನನ್ನದಕ್ಕಿಂತ ಕಡುವಾಗಿತ್ತು, ಅದೊಂದನ್ನು ಮೆಚ್ಚುತ್ತೇನೆ.

ಅವನ ಜೀವನಚರಿತ್ರೆಯನ್ನು ನಾನು ಕೇಳಲಿಲ್ಲ. ಅದು ತಾನಾಗಿ ಬಂತು. ಸೀಟು ಮೊದಲು ಸೋದರಮಾವನದು. ಮಾವ ಸತ್ತ, ಉಪಚುನಾವಣೆಗೆ ಅಳಿಯ ನಿಂತ, ಶವಪೆಟ್ಟಿಗೆ ಹೊತ್ತ ಹೆಗಲ ಮೇಲೇ ಹಾರ ಬಿತ್ತು. ಇದನ್ನು ಅವನು ಸ್ವಲ್ಪ ನಾಚಿಕೆಯಿಂದ ಹೇಳಿದ. ನಾಚುವ ಅಗತ್ಯವಿಲ್ಲ, ನಮ್ಮಲ್ಲೂ ಅದೇ ಪದ್ಧತಿ ಎಂದೆ.

ಅವರಲ್ಲಿ ಜನತಾ ದರ್ಶನಕ್ಕೆ ಕ್ಲಿನಿಕ್ ಎನ್ನುತ್ತಾರೆ. ವೈದ್ಯನಿಲ್ಲ, ಔಷಧಿಯಿಲ್ಲ, ರೋಗಿಗಳು ಮಾತ್ರ ಇರುತ್ತಾರೆ. ಶನಿವಾರ ಶನಿವಾರ ಹಳ್ಳಿಯ ಹೆಂಡದಂಗಡಿಯ ಹಿಂದಿನ ಕೋಣೆಯಲ್ಲಿ ಅದು ನಡೆಯುತ್ತದೆ. ಒಬ್ಬನಿಗೆ ಪಾಸ್‌ಪೋರ್ಟು, ಇನ್ನೊಬ್ಬಳಿಗೆ ಪಿಂಚಣಿ, ಮತ್ತೊಬ್ಬನ ಮನೆ ಮುಂದೆ ರಸ್ತೆಯಲ್ಲಿ ಗುಂಡಿ. ಡೆನಿಸ್ ಎಲ್ಲವನ್ನೂ ಬರೆದುಕೊಳ್ಳುತ್ತಾನೆ. ಪಿಂಚಣಿ ಹೇಗೂ ಮಂಜೂರಾಗುವುದೇ. ಆದರೆ ಸರ್ಕಾರಿ ಕಾಗದ ತಲುಪುವ ಹಿಂದಿನ ದಿನ ಡೆನಿಸ್‌ನ ಕಾಗದ ತಲುಪಬೇಕು: ತಮ್ಮ ಪಿಂಚಣಿ ಮಂಜೂರಾಗಿದೆಯೆಂದು ತಿಳಿಸಲು ಹರ್ಷಿಸುತ್ತೇನೆ. ಮುದುಕಿ ಸಾಯುವ ತನಕ ಅವನಿಗೇ ಓಟು.

ನನಗೆ ನಗು ತಡೆಯಲಾಗಲಿಲ್ಲ. ಆ ಒಂದು ದಿನದ ಅಂತರ ನನ್ನದೇ ಶೋಧ ಎಂದುಕೊಂಡಿದ್ದೆ. ತಹಶೀಲ್ದಾರರ ಕಚೇರಿಯಲ್ಲಿ ಒಬ್ಬ ಗುಮಾಸ್ತನನ್ನು ನಾನು ಅದಕ್ಕೆಂದೇ ಚಹಾ ಕುಡಿಸಿ ಸಾಕಿದ್ದೆ. ಸಮುದ್ರದಾಚೆ ಇನ್ನೊಬ್ಬನೂ ಅದನ್ನೇ ಮಾಡುತ್ತಿದ್ದನೆಂದು ತಿಳಿದಾಗ ಸಂತೋಷಪಡಬೇಕೋ ಅಸಹ್ಯಪಡಬೇಕೋ ತಿಳಿಯಲಿಲ್ಲ.

ಇಷ್ಟು ವರ್ಷ ಸೇವೆ ಮಾಡಿದ್ದಕ್ಕೆ ಕೊನೆಗೊಮ್ಮೆ ಅವನನ್ನು ಕಿರಿಯ ಮಂತ್ರಿ ಮಾಡಿದರು. ಖಾತೆ: ಹಳ್ಳಿಯ ಅಂಚೆ ಕಚೇರಿಗಳು ಮತ್ತು ಒಳನಾಡಿನ ಮೀನು. ಅವನ ಅವಧಿಯಲ್ಲಿ ಅವನದೇ ಕ್ಷೇತ್ರದ ಅಂಚೆ ಕಚೇರಿಗಳು ಒಂದೊಂದಾಗಿ ಮುಚ್ಚಿದವು. ಪ್ರತಿಯೊಂದರ ಬಾಗಿಲಲ್ಲೂ ಅವನು ಮುಚ್ಚುವುದನ್ನು ವಿರೋಧಿಸಿ ಭಾಷಣ ಮಾಡಿದ. ಮಂತ್ರಿಯಾಗಿ ಮುಚ್ಚಿದವನೂ ಅವನೇ, ಪ್ರತಿನಿಧಿಯಾಗಿ ವಿರೋಧಿಸಿದವನೂ ಅವನೇ. ಇದರಲ್ಲಿ ತಪ್ಪೇನೆಂದು ಅವನಿಗೆ ಇವತ್ತಿಗೂ ಅರ್ಥವಾಗಿಲ್ಲ. ಉದ್ಘಾಟಿಸಿದ್ದು ಎರಡು ಬಸ್ ತಂಗುದಾಣ, ಒಂದು ಮೀನುಮರಿ ಕೇಂದ್ರ. ಮೀನುಮರಿಗಳು ಆಮೇಲೆ ಸತ್ತವಂತೆ.

ಅವನು ಎದೆಯುಬ್ಬಿಸಿ ಹೇಳಿದ ಸಾಧನೆ ಬೇರೆಯೇ. ಇಪ್ಪತ್ತೇಳು ವರ್ಷದಲ್ಲಿ ಕ್ಷೇತ್ರದ ಒಂದೇ ಒಂದು ಶವಸಂಸ್ಕಾರ ತಪ್ಪಿಸಿಲ್ಲ. ಅಲ್ಲಿ ಸತ್ತವರ ಮನೆಯವರು ಸಾಲಾಗಿ ನಿಲ್ಲುತ್ತಾರೆ, ಬಂದವರು ಒಬ್ಬೊಬ್ಬರ ಕೈ ಕುಲುಕಿ "ನಿಮ್ಮ ಸಂಕಟಕ್ಕೆ ಮರುಗುತ್ತೇನೆ" ಎಂದು ಮುಂದೆ ಸಾಗುತ್ತಾರೆ. ಒಂದೇ ದಿನ ಏಳು ಸಂಸ್ಕಾರಕ್ಕೆ ಹೋದದ್ದೂ ಉಂಟಂತೆ. ಇಷ್ಟಾದರೂ ಸೋತದ್ದು ಹೇಗೆ ಎಂದೆ. ಅವರಲ್ಲಿ ಒಂದು ಕ್ಷೇತ್ರಕ್ಕೆ ಹಲವು ಸೀಟು. ತನ್ನದೇ ಪಕ್ಷದ ಇನ್ನೊಬ್ಬ, ಅವನಿಗಿಂತ ಚಿಕ್ಕವನು, ಅವನಿಗಿಂತ ಹೆಚ್ಚು ಸಂಸ್ಕಾರಗಳಿಗೆ ಹೋಗಿದ್ದ.

ಥಾರ್ನ್‌ಕ್ಲಿಫ್ ಪಾರ್ಕ್

ತಿಂಗಳಿಗೊಮ್ಮೆ ಗಂಗಾ ಜೋಳದ ಹಿಟ್ಟು, ಬೇಳೆ, ಮೆಂತ್ಯ ಸೊಪ್ಪಿಗೆ ಥಾರ್ನ್‌ಕ್ಲಿಫ್ ಪಾರ್ಕ್ ಎಂಬ ಬಡಾವಣೆಯ ತನಕ ಕಾರು ಓಡಿಸುತ್ತಾಳೆ. ನ್ಯೂಮಾರ್ಕೆಟ್ಟಿನ ಬೀದಿಗಳಲ್ಲಿ ಮನುಷ್ಯರನ್ನು ಕಾಣದೆ ಬೇಸತ್ತಿದ್ದ ನನಗೆ ಅಲ್ಲಿ ಜೀವ ಬಂದಂತಾಯಿತು. ಎತ್ತರದ ಕಟ್ಟಡಗಳು, ಬಾಲ್ಕನಿಯಲ್ಲಿ ಒಣಗುವ ಬಟ್ಟೆ, ಸಮೋಸಾದ ವಾಸನೆ, ಮಕ್ಕಳ ಗದ್ದಲ. ಅಂಗಡಿಯವನು "ಅಂಕಲ್‌ಜೀ, ಔರ್ ಕುಛ್?" ಎಂದ. ಕೆನಡಾಕ್ಕೆ ಬಂದ ಮೇಲೆ ಮೊದಲ ಸಲ ನನ್ನನ್ನು ಬೇರೆಯವರು ಮಾತಾಡಿಸಿದರು. ಡೆನಿಸ್‌ನನ್ನು ಬಿಟ್ಟು.

ವಾಪಸ್ ಬರುವಾಗ ಡೆನಿಸ್‌ನ ಕಥೆಗಳನ್ನು ಗಂಗಾಳಿಗೆ ಹೇಳಿ ನಗುತ್ತಿದ್ದೆ. ಅವಳು ನಗಲಿಲ್ಲ.

"ಅಣ್ಣಾ, ನೋರಾ ಅವನ ಕೂಡ ಮಾತಾಡಂಗಿಲ್ಲ, ನಿನಗ ಗೊತ್ತೈತೇನ?" ಎಂದಳು. "ಊಟಾ ಇಡ್ತಾಳ, ಅಷ್ಟ. ಫ್ರಾಂಕ್ ತೀರಿಕೊಂಡಾಗ ಅಂವ ಬರಲಿಲ್ಲ."

ಫ್ರಾಂಕ್ ಎಂದರೆ ನೋರಾಳ ಗಂಡ. ಹೋದ ವರ್ಷ ಇದೇ ಹೊತ್ತಿಗೆ, ಐರ್ಲೆಂಡಿನ ಚುನಾವಣೆಗೆ ಮೂರು ವಾರವಿದ್ದಾಗ ಸತ್ತ. ನೋರಾ ಫೋನ್ ಮಾಡಿದಳು, ಕಚೇರಿಯವರು ಎತ್ತಿದರು. ಎಂಟು ದಿನದ ಮೇಲೆ ತಮ್ಮನ ಬದಲು ತಮ್ಮನ ಕಾಗದ ಬಂತು. ಹುಡುಗನಾಗಿದ್ದ ಡೆನಿಸ್‌ಗೆ ಕಾರು ಕಲಿಸಿದವನು ಫ್ರಾಂಕ್. ಮೊದಲ ಚುನಾವಣೆಯಲ್ಲಿ ಕೆನಡಾದಿಂದ ರಜೆ ಹಾಕಿ ಹೋಗಿ ಮಳೆಯಲ್ಲಿ ನಿಂತು ಕಂಬಕಂಬಕ್ಕೆ ಪೋಸ್ಟರು ಕಟ್ಟಿದವನೂ ಅವನೇ. ಈಗ ಮುಂದಿನ ಶನಿವಾರ ಫ್ರಾಂಕ್‌ನ ವರ್ಷಾಂತಿಕದ ಪೂಜೆ ಚರ್ಚಿನಲ್ಲಿ. ಡೆನಿಸ್ ಅದಕ್ಕೆಂದೇ ಬಂದಿದ್ದಾನೆ. ಅವನನ್ನು ಒಳಗೆ ಕೂರಿಸಿಕೊಳ್ಳಬೇಕೋ, ಹಿಂದಿನ ದಿನವೇ ವಿಮಾನ ಹತ್ತಿಸಬೇಕೋ ಎಂದು ನೋರಾ ಇನ್ನೂ ತೀರ್ಮಾನಿಸಿಲ್ಲ. ಹತ್ತಿಸಿದರೆ ಇನ್ನು ಈ ಜನ್ಮದಲ್ಲಿ ಆ ಬಾಗಿಲು ತೆರೆಯುವುದಿಲ್ಲ ಎಂದಳು ಗಂಗಾ. ಅಕ್ಕ ತಮ್ಮ ಬಿಟ್ಟರೆ ಆ ಮನೆತನದಲ್ಲಿ ಬೇರೆ ಯಾರೂ ಉಳಿದಿಲ್ಲವಂತೆ.

ಸೀಟು ಉಳಿಸಿಕೊಳ್ಳಲು ಭಾವನ ಸಾವಿಗೆ ಹೋಗಲಿಲ್ಲ, ಸೀಟೂ ಉಳಿಯಲಿಲ್ಲ. ಥೂ, ಇದೆಂಥ ಬಾಳು ಎಂದೆ. ಗಂಗಾ ನನ್ನ ಮುಖವನ್ನೊಮ್ಮೆ ನೋಡಿ ರಸ್ತೆ ನೋಡಿದಳು.

ಮಾರ್ಕಮ್

ಆ ಸೋಮವಾರ ಗಂಗಾ ಶ್ರೇಯಾಳನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವವಳಿದ್ದಳು. ನನ್ನನ್ನೂ ಡೆನಿಸ್‌ನನ್ನೂ ಮಾರ್ಕಮ್ಮಿನ ಒಂದು ದೊಡ್ಡ ಚೀನೀ ಮಾಲಿನಲ್ಲಿ ಇಳಿಸಿ, ಎರಡು ಗಂಟೆ ಬಿಟ್ಟು ಬರುತ್ತೇನೆ, ಎಲ್ಲಿಗೂ ಹೋಗಬೇಡಿ ಎಂದು ಇಬ್ಬರಿಗೂ ಮಕ್ಕಳಿಗೆ ಹೇಳುವಂತೆ ಹೇಳಿ ಹೋದಳು. ಅವಳ ಕಾರು ತಿರುಗುವ ತನಕ ಕಾದ ಡೆನಿಸ್ ಕೋಟಿನಿಂದ ಮಡಿಸಿದ ಕಾಗದ ತೆಗೆದ. ನೋರಾಳ ಚರ್ಚಿನ ವಾರದ ಸುದ್ದಿಪತ್ರ. ಅವನ ಜಿಲ್ಲೆಯಿಂದ ಬಂದ ಒಬ್ಬ ಮುದುಕ ತೀರಿಕೊಂಡಿದ್ದಾನೆ, ಇವತ್ತು ಅಂತಿಮ ದರ್ಶನ, ಇಲ್ಲಿಂದ ಹತ್ತು ನಿಮಿಷದ ದಾರಿ.

ಅವರು ನಿಮಗೆ ಗೊತ್ತೇ ಎಂದೆ. ಗೊತ್ತಿಲ್ಲ ಎಂದ. ಮತ್ಯಾಕೆ? ಆ ಪ್ರಶ್ನೆ ಅವನಿಗೆ ತಿಳಿಯಲೇ ಇಲ್ಲ. ಬಾಯಾರಿದವನಿಗೆ ನೀರು ಯಾಕೆ ಎಂದು ಕೇಳಿದಂತೆ ನನ್ನ ಮುಖ ನೋಡಿದ.

ಅಲ್ಲಿ ಸತ್ತವರನ್ನು ಮನೆಯಲ್ಲಿ ಇಡುವುದಿಲ್ಲ. ಅದಕ್ಕೆಂದೇ ಕಲ್ಯಾಣ ಮಂಟಪದಂಥ ಕಟ್ಟಡಗಳಿವೆ, ರತ್ನಗಂಬಳಿ, ಹೂವು, ಕಾಫಿ, ಪಾರ್ಕಿಂಗ್ ಸಮೇತ. ಈ ಕಟ್ಟಡದಲ್ಲಿ ಎಡಕ್ಕೊಂದು, ಬಲಕ್ಕೊಂದು ಸಭಾಂಗಣ. ಡೆನಿಸ್ ಬೋರ್ಡು ಓದಲಿಲ್ಲ. ಎಡಗಡೆ ಜನ ಜಾಸ್ತಿ ಇದ್ದರು, ಕಾಲು ತಾನಾಗಿ ಆ ಕಡೆ ನಡೆಯಿತು. ಇಪ್ಪತ್ತೇಳು ವರ್ಷದ ಅಭ್ಯಾಸ.

ಒಳಗೆ ಹೋದೊಡನೆ ಎದುರಿಗಿದ್ದ ದೊಡ್ಡ ಫೋಟೋ ಕಂಡೆ. ಕನ್ನಡಕ ಹಾಕಿದ ಒಬ್ಬ ಚೀನೀ ಅಜ್ಜ. ಡೆನಿಸ್‌ನ ಕೋಟು ಹಿಡಿದು ಎಳೆದೆ. ತಡವಾಗಿತ್ತು. ಸಾಲಾಗಿ ನಿಂತಿದ್ದ ಮನೆಯವರಲ್ಲಿ ಮೊದಲನೆಯವನ ಕೈ ಆಗಲೇ ಅವನ ಎರಡು ಕೈಗಳೊಳಗಿತ್ತು. ನಿಮ್ಮ ಸಂಕಟಕ್ಕೆ ಮರುಗುತ್ತೇನೆ. ಎರಡನೆಯವಳು. ನಿಮ್ಮ ಸಂಕಟಕ್ಕೆ ಮರುಗುತ್ತೇನೆ. ಹಿಂದಿನಿಂದ ಜನ ಬಂದರು, ನಾನೂ ಸಾಲಿನಲ್ಲಿ ಸಿಕ್ಕಿಬಿದ್ದು ಎಲ್ಲರಿಗೂ ಕೈ ಮುಗಿಯುತ್ತಾ ಸಾಗಿದೆ. ಕೊನೆಯಲ್ಲಿ ಹಿರಿಯ ಮಗ, ಅಪ್ಪನನ್ನು ಹೇಗೆ ಬಲ್ಲಿರಿ ಎಂದು ಕೇಳಿದ. ಡೆನಿಸ್ ಒಂದು ಕ್ಷಣವೂ ತಡವರಿಸಲಿಲ್ಲ.

"ಅಂಥವರನ್ನು ಮರೆಯುವುದಾದರೂ ಹೇಗೆ?" ಎಂದ.

ನೋಡಿ, ಸುಳ್ಳಲ್ಲ ಅದು. ನಿಜವೂ ಅಲ್ಲ. ಮಗನ ಕಣ್ಣು ತುಂಬಿತು. ಎರಡು ಮಾತು ಆಡುತ್ತೀರಾ ಎಂದು ಕೈಹಿಡಿದು ಮುಂದೆ ಕರೆದುಕೊಂಡು ಹೋದ. ತನಗೆ ಹೆಸರೂ ಗೊತ್ತಿಲ್ಲದ ಮನುಷ್ಯನ ಬಗ್ಗೆ ಡೆನಿಸ್ ಐದು ನಿಮಿಷ ಮಾತಾಡಿದ. ಅವರು ತಮ್ಮ ಬಗ್ಗೆ ಹೇಳಿಕೊಂಡವರಲ್ಲ. ದೂರದ ನೆಲದಿಂದ ಬಂದು ಈ ನೆಲದಲ್ಲಿ ಬೇರು ಬಿಟ್ಟರು. ಕುಟುಂಬವೇ ಅವರಿಗೆ ಆಸ್ತಿ. ಅವರನ್ನು ಕಂಡವರು ಯಾರೂ ಬರಿಗೈಲಿ ಹಿಂತಿರುಗಲಿಲ್ಲ. ಹೆಂಗಸರು ಬಿಕ್ಕಿದರು. ಮುದುಕಿಯೊಬ್ಬಳು ಬಂದು ಅವನ ತೋಳು ಹಿಡಿದು ಅತ್ತಳು. ನಾನು ಗೋಡೆಗೆ ಒರಗಿ ನಿಂತಿದ್ದೆ. ಆ ಭಾಷಣದ ಪ್ರತಿ ವಾಕ್ಯ ನನಗೆ ಗೊತ್ತಿತ್ತು. "ಬರಿಗೈಲಿ ಹಿಂತಿರುಗಲಿಲ್ಲ" ಎಂಬುದನ್ನು ನಾನೇ ಎಷ್ಟು ಸಲ ಟೈಪು ಮಾಡಿಲ್ಲ.

ಹೊರಡುವಾಗ ನಮಗಿಬ್ಬರಿಗೂ ಒಂದೊಂದು ಪುಟ್ಟ ಬಿಳಿ ಲಕೋಟೆ ಕೊಟ್ಟರು. ಅದರಲ್ಲಿ ಒಂದು ನಾಣ್ಯ, ಒಂದು ಪೆಪ್ಪರ್‌ಮಿಂಟು. ಮನೆ ಸೇರುವ ಮೊದಲು ತಿನ್ನಬೇಕಂತೆ, ದುಃಖದ ಕಹಿ ಹೋಗಲೆಂದು. ಬಾಗಿಲಲ್ಲಿ ನಾನು ಬೋರ್ಡು ತೋರಿಸಿದೆ. ಡೆನಿಸ್ ಓದಿದ. ಕೆಂಪು ಮುಖ ಇನ್ನೂ ಸ್ವಲ್ಪ ಕೆಂಪಾಯಿತು, ಅಷ್ಟೇ. ಪೆಪ್ಪರ್‌ಮಿಂಟನ್ನು ಬಾಯಿಗೆ ಹಾಕಿಕೊಂಡು, ಬಲಗಡೆಯ ಸಭಾಂಗಣಕ್ಕೂ ಹೋಗಿಬಿಡೋಣ, ಎದುರಿಗೇ ಇದೆಯಲ್ಲ ಎಂದ. ಹೋದ. ನಾನು ಪಾರ್ಕಿಂಗಿನಲ್ಲಿ ನಿಂತೆ.

ಗಂಗಾಳ ಅಡುಗೆಮನೆ

ಇಂಥ ಕಥೆ ಸಿಕ್ಕಿದರೆ ನನ್ನ ಬಾಯಿ ಸುಮ್ಮನಿರುವುದುಂಟೆ? ಬುಧವಾರ ಸಂಜೆ ನೋರಾ ಸೇಬಿನ ಪೈ ಮಾಡಿ ತಂದಿದ್ದಳು. ಬಿಳಿ ಕೂದಲಿನ, ನೇರ ಬೆನ್ನಿನ, ಕಡಿಮೆ ಮಾತಿನ ಹೆಂಗಸು. ನನ್ನನ್ನು ಮಿಸ್ಟರ್ ಪಾಟೀಲ ಎನ್ನುತ್ತಿದ್ದಳು. ಗಂಗಾ ಕಣ್ಣಲ್ಲೇ ತಡೆಯುತ್ತಿದ್ದರೂ ನೋಡದೆ ನಾನು ಚೀನೀ ಅಜ್ಜನ ಪ್ರಸಂಗವನ್ನು ಅಭಿನಯ ಸಮೇತ ಹೇಳಿದೆ. ಐದು ನಿಮಿಷದ ಭಾಷಣವನ್ನೂ ಹೇಳಿದೆ. ಶ್ರೇಯಾ ಹೊಟ್ಟೆ ಹಿಡಿದು ನಕ್ಕಳು. ಮುಗಿಸಿ ನೋಡಿದರೆ ನೋರಾಳ ಮುಖದಲ್ಲಿ ನಗುವಿರಲಿಲ್ಲ.

"ಯಾರೋ ಒಬ್ಬರಿಗೆ ಐದು ನಿಮಿಷ" ಎಂದಳು. ಎದ್ದು ತನ್ನ ಮನೆಗೆ ಹೋದಳು. ನನ್ನ ನಾಲಿಗೆಗೆ ಬೆಂಕಿ ಬಿದ್ದರೆ ಸಾಕೆನಿಸಿತು. ಎರಡು ನಿಮಿಷದಲ್ಲಿ ಅವಳು ಒಂದು ಲಕೋಟೆ ಹಿಡಿದು ತಿರುಗಿ ಬಂದು, ಒಳಗಿನ ಕಾಗದವನ್ನು ನನ್ನ ಮುಂದೆ ಬಿಡಿಸಿಟ್ಟಳು.

ಮೇಲೆ ಲಾಂಛನ. ಪ್ರಿಯ ಶ್ರೀಮತಿಯವರೇ, ಎಂದು ಗಂಡನ ಮನೆತನದ ಹೆಸರು. ತಮ್ಮ ಪ್ರೀತಿಯ ಪತಿಯವರ ಅಗಲಿಕೆಯ ಸುದ್ದಿ ತಿಳಿದು ತೀವ್ರ ವಿಷಾದವಾಯಿತು. ಈ ಕಷ್ಟದ ಸಮಯದಲ್ಲಿ ನನ್ನ ಕಚೇರಿಯಿಂದ ಯಾವುದೇ ನೆರವು ಬೇಕಿದ್ದಲ್ಲಿ ಸಂಪರ್ಕಿಸಲು ಸಂಕೋಚಪಡಬಾರದು. ಕೆಳಗೆ ನೀಲಿ ಸಹಿ. ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, ಶನಿವಾರದ ಕ್ಲಿನಿಕ್ಕುಗಳ ವೇಳಾಪಟ್ಟಿ.

"ಇದನ್ನು ಆಫೀಸಿನ ಹುಡುಗಿ ಟೈಪು ಮಾಡಿದ್ದು, ಅದು ನನಗೆ ಗೊತ್ತು" ಎಂದಳು ನೋರಾ. "ಮಿಸ್ಟರ್ ಪಾಟೀಲ, ನೀವು ಇದೇ ಕೆಲಸ ಮಾಡಿದವರು. ಒಂದೇ ಮಾತು ಹೇಳಿ. ಸಹಿಯನ್ನಾದರೂ ಅವನು ಕೈಯಾರೆ ಹಾಕಿದ್ದಾನೆಯೇ?"

ಕಾಗದವನ್ನು ಎತ್ತಿಕೊಂಡೆ. ಪೆನ್ನಿನಿಂದ ಹಾಕಿದ ಸಹಿಯಾದರೆ ಕಾಗದದ ಹಿಂಬದಿಯಲ್ಲಿ ಬೆರಳಿಗೆ ಗೀರು ಸಿಗುತ್ತದೆ. ಹೆಬ್ಬೆರಳು ಆಡಿಸಿದೆ. ನುಣ್ಣಗಿತ್ತು. ಕಂಪ್ಯೂಟರಿನಲ್ಲಿ ಅಚ್ಚಾದ ಸಹಿ ಅದು. ಕಾಗದ ಹೋದದ್ದೇ ಡೆನಿಸ್‌ಗೆ ಗೊತ್ತಿರಲಿಕ್ಕಿಲ್ಲ.

ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಒಲೆಯ ಹತ್ತಿರ ನಿಂತಿದ್ದ ಗಂಗಾ ಕಂಡಳು. ಹೇಳಬೇಕಾದದ್ದು ಇದು: ಒಂಬತ್ತು ವರ್ಷದ ಹಿಂದೆ ನನ್ನ ಹೆಂಡತಿ ಸುಮಿತ್ರಾ ತೀರಿಕೊಂಡಾಗ ಸಾಹೇಬರು ಬರಲಿಲ್ಲ. ಬೆಂಗಳೂರಿನಲ್ಲಿ ಟಿಕೆಟ್ಟಿಗೆ ಓಡಾಡುತ್ತಿದ್ದರು. ಹನ್ನೊಂದನೆಯ ದಿನ ಅವರ ಸಂತಾಪದ ಕಾಗದ ಬಂತು. ಒಕ್ಕಣೆ ನನ್ನದೇ, ಹತ್ತೊಂಬತ್ತು ವರ್ಷದ ಹಿಂದೆ ನಾನೇ ಬರೆದು ಮಾದರಿಯೆಂದು ಫೈಲಿನಲ್ಲಿ ಇಟ್ಟದ್ದು. ಸಹಿಯ ರಬ್ಬರ್ ಸ್ಟಾಂಪು ನನ್ನದೇ ಡ್ರಾಯರಿನಲ್ಲಿರುತ್ತಿತ್ತು. ನಾನು ರಜೆಯಲ್ಲಿದ್ದುದರಿಂದ ಯಾರೋ ಗುಮಾಸ್ತ ಒತ್ತಿ ಕಳಿಸಿದ್ದ. ಆ ಕಾಗದವನ್ನು ನಾನು ಏನು ಮಾಡಿದೆ? ಸಾವಿಗೆ ಬಂದ ನೆಂಟರಿಗೆಲ್ಲ ತೋರಿಸಿದೆ. ಕೆನಡಾದಿಂದ ಬಂದಿದ್ದ ಗಂಗಾಳಿಗೂ ತೋರಿಸಿದೆ. ನೋಡವ್ವಾ, ಸಾಹೇಬರು ಎಷ್ಟು ಕೆಲಸ ಇದ್ದರೂ ಕೈಯಾರೆ ಸಹಿ ಮಾಡಿ ಕಳಿಸ್ಯಾರ ಎಂದೆ. ಪ್ಲಾಸ್ಟಿಕ್ ಹೊದಿಸಿ ಕಪಾಟಿನಲ್ಲಿ ಇಟ್ಟೆ. ಈಗಲೂ ಇದೆ.

"ಅವರದೇ ಸಹಿ" ಎಂದೆ ನೋರಾಳಿಗೆ.

ಅವಳು ಕಾಗದ ಮಡಿಸಿ ಲಕೋಟೆಗೆ ಹಾಕಿದಳು. ಬಾಗಿಲ ತನಕ ಹೋಗಿ ನಿಂತಳು.

"ನಾನು ಮೂವತ್ತೊಂದು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಸಹಿ ನೋಡುವ ಕೆಲಸ ಮಾಡಿದ್ದೇನೆ, ಮಿಸ್ಟರ್ ಪಾಟೀಲ" ಎಂದಳು.

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಇವನೂ ಅವರಲ್ಲೊಬ್ಬ ಎಂದು ಖಾತ್ರಿ ಮಾಡಿಕೊಂಡವಳ ಹಾಗೆ ಹೇಳಿದಳು. ಪೈ ಹಾಗೆಯೇ ಉಳಿಯಿತು.

ಮತ್ತೆ ಬೇಲಿಯ ಆಚೆ

ಮರುದಿನ ಹನ್ನೊಂದಕ್ಕೆ ಡೆನಿಸ್ ಬಂದ. ಕೈ ಚಾಚದೆ ಬಂದದ್ದು ಅದೇ ಮೊದಲು. ನೋರಾ ಬೆಳಿಗ್ಗೆ ಬೇಸ್‌ಮೆಂಟಿಗೆ ಇಳಿದು, ಒಂದು ಬಿಳಿ ಹಾಳೆ, ಒಂದು ಪೆನ್ನು ಮೇಜಿನ ಮೇಲಿಟ್ಟು, ಆ ಕಾಗದವನ್ನು ಈಗ ಬರಿ, ಬರೆದರೆ ಶನಿವಾರ ಬಾ, ಇಲ್ಲದಿದ್ದರೆ ಶುಕ್ರವಾರದ ವಿಮಾನಕ್ಕೆ ಹೊರಡು ಎಂದಳಂತೆ. ಬಂದರೂ ಕೊನೆಯ ಸಾಲಿನಲ್ಲಿ ಕೂರಬೇಕು, ಒಬ್ಬರ ಕೈಯನ್ನೂ ಕುಲುಕಬಾರದು. ಒಂದು ವರ್ಷದಲ್ಲಿ ಅಕ್ಕ ಅವನೊಡನೆ ಆಡಿದ ಮೊದಲ ಮಾತು ಅದು.

ಎರಡು ಗಂಟೆ ಕೂತಿದ್ದೇನೆ, ಒಂದು ಅಕ್ಷರ ಬರುತ್ತಿಲ್ಲ ಎಂದ. ಕಾಗದ ಹೋದದ್ದೂ ಗೊತ್ತಿರಲಿಲ್ಲ, ಫ್ರಾಂಕ್ ಸತ್ತದ್ದನ್ನೇ ಆಫೀಸಿನ ಹುಡುಗಿ ಎರಡು ದಿನ ತಡವಾಗಿ ಹೇಳಿದಳು, ಪ್ರಚಾರ ಕೆಡದಿರಲೆಂದು. ಗೊತ್ತಾದ ಮೇಲೂ ಹೊರಡಲಿಲ್ಲ, ಆ ವಾರ ಒಂಬತ್ತು ಸಂಸ್ಕಾರಗಳಿದ್ದವು ಎಂದ. ಆಮೇಲೆ ದನಿ ತಗ್ಗಿಸಿ ಕೇಳಿದ: ನೀವು ವರ್ಷಗಟ್ಟಲೆ ಇಂಥವನ್ನು ಬರೆದವರು, ನಾಲ್ಕು ಸಾಲು ಬರೆದುಕೊಡಿ, ನಾನು ನನ್ನ ಕೈಯಿಂದ ನಕಲು ಮಾಡುತ್ತೇನೆ.

ಛೀ ಎನ್ನಬೇಕೆನಿಸಿತು. ಅವನಿಗೋ ನನಗೋ ಗೊತ್ತಾಗಲಿಲ್ಲ. ಇಪ್ಪತ್ತೇಳು ವರ್ಷ ಸತ್ತವರ ನಡುವೆ ಓಡಾಡಿದವನಿಗೆ ಒಂದು ಸಾವಿನ ಬಗ್ಗೆ ಹೇಳಲು ಮಾತಿಲ್ಲ, ಮಾತು ಬೇಕಿದ್ದರೆ ಕಚೇರಿಯವನನ್ನು ಕೇಳುತ್ತಾನೆ.

"ನನ್ನ ಬಳಿ ಇರುವುದು ಒಂದೇ ಮಾದರಿ" ಎಂದೆ. "ಅದು ನಿಮ್ಮಲ್ಲಿಯೂ ಇದೆ. ಅದನ್ನೇ ನಿಮ್ಮ ಅಕ್ಕನಿಗೆ ಕಳಿಸಿದ್ದೀರಿ."

ಅವನು ಚಹಾ ಮುಟ್ಟದೆ ಎದ್ದು ಹೋದ. ಅವತ್ತಿಡೀ, ಮರುದಿನವಿಡೀ, ನೋರಾಳ ನೆಲಮಾಳಿಗೆಯ ಪುಟ್ಟ ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು. ಶುಕ್ರವಾರದ ವಿಮಾನದ ಹೊತ್ತು ಕಳೆಯಿತು, ಟ್ಯಾಕ್ಸಿ ಬರಲಿಲ್ಲ.

ಶನಿವಾರ, ಚರ್ಚು

ಗಂಗಾ ನನ್ನನ್ನೂ ಕರೆದುಕೊಂಡು ಹೋದಳು. ಹೋಗಲು ಮುಖವಿಲ್ಲವೆಂದರೂ ಬಿಡಲಿಲ್ಲ. ಸಣ್ಣ ಚರ್ಚು, ನಲವತ್ತು ಜನ. ಡೆನಿಸ್ ಕೊನೆಯ ಸಾಲಿನಲ್ಲಿ ಕೂತಿದ್ದ. ನಾವು ಅವನ ಪಕ್ಕ ಕೂತೆವು. ಬಂದವರಲ್ಲಿ ಕೆಲವರು ಅವನು ಯಾರೆಂದು ತಿಳಿದು ಹತ್ತಿರ ಬಂದು ಕೈ ಚಾಚಿದರು. ಪ್ರತಿ ಸಲವೂ ಅವನ ಬಲಗೈ ತೊಡೆಯಿಂದ ಗೇಣುದ್ದ ಮೇಲೇಳುತ್ತಿತ್ತು. ಕೊನೆಗೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕೂತುಬಿಟ್ಟ. ಜನ ಚಾಚಿದ ಕೈಯನ್ನು ಹಿಂತೆಗೆದುಕೊಂಡು, ಎಂಥ ದುರಹಂಕಾರಿ ಎಂಬಂತೆ ನೋಡಿ ಹೋದರು. ಅವನ ಹಣೆಯಲ್ಲಿ ಬೆವರಿತ್ತು. ನಾನು ಅವನ ಬಗ್ಗೆ ನಗಬಹುದಾಗಿದ್ದ ಕೊನೆಯ ಅವಕಾಶ ಅದು. ನಗು ಬರಲಿಲ್ಲ.

ಎಲ್ಲ ಮುಗಿದು ಜನ ಚದುರಿದ ಮೇಲೆ ನೋರಾ ನಮ್ಮ ಸಾಲಿಗೆ ಬಂದಳು. ಡೆನಿಸ್ ಎದ್ದು ಹಾಳೆಯನ್ನು ಕೊಟ್ಟ. ಎರಡು ದಿನದಲ್ಲಿ ಎರಡೇ ಸಾಲು ಬರೆದಿದ್ದ. ಪಕ್ಕದಲ್ಲಿ ನಿಂತಿದ್ದ ನನಗೂ ಕಂಡಿತು. ಫ್ರಾಂಕ್ ನನಗೆ ಕಾರು ಓಡಿಸಲು ಕಲಿಸಿದ. ಅವನು ಸತ್ತಾಗ ನಾನು ಓಟು ಕೇಳುತ್ತಿದ್ದೆ.

ನೋರಾ ಓದಿದಳು. ಮತ್ತೊಮ್ಮೆ ಓದಿದಳು.

"ಸಹಿ ಇಲ್ಲ" ಎಂದಳು.

ಅವನು ಜೇಬುಗಳನ್ನೆಲ್ಲ ತಡಕಿದ. ಮಂತ್ರಿಗಳ ಜೇಬಿನಲ್ಲಿ ಪೆನ್ನು ಇರುವುದಿಲ್ಲ, ಅದು ಆಪ್ತ ಸಹಾಯಕನ ಜೇಬಿನಲ್ಲಿರುತ್ತದೆ. ನನ್ನದನ್ನು ಕೊಟ್ಟೆ. ಪ್ರಾರ್ಥನೆಯ ಪುಸ್ತಕದ ಮೇಲೆ ಹಾಳೆ ಇಟ್ಟು ಸಹಿ ಮಾಡಿದ. ಆ ಸಹಿ ನೀಲಿ ಸಹಿಯ ಹಾಗೆ ಸ್ವಲ್ಪವೂ ಇರಲಿಲ್ಲ. ನೋರಾ ಹಾಳೆಯನ್ನು ತಿರುಗಿಸಿ ಹಿಂಬದಿಯ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಅದನ್ನು ನನ್ನ ಮುಂದೆ ಹಿಡಿದಳು. ನಾನೂ ಬೆರಳು ಆಡಿಸಿದೆ. ಗೀರು ಸಿಕ್ಕಿತು.

"ಅವರದೇ ಸಹಿ" ಎಂದೆ.

ನೋರಾ ತಲೆಯಾಡಿಸಿದಳು. ತಮ್ಮನಿಗೆ, ಮನೆಗೆ ನಡಿ, ಚಹಾ ಮಾಡುತ್ತೇನೆ ಎಂದಳು. ಅವನು ಅವಳ ಹಿಂದೆ ನಡೆದ, ಯಾರ ಕೈಯನ್ನೂ ಕುಲುಕದೆ.

ಗಂಗಾಳ ಕಾರಿನಲ್ಲಿ ಮನೆಗೆ ಹೊರಟೆವು. ಎಲೆ ಉದುರಿದ ಮರಗಳು, ಅಂಗಳಗಳಲ್ಲಿ ಇನ್ನೂ ತೆಗೆಯದ ಪ್ಲಾಸ್ಟಿಕ್ ಗೋರಿಗಳು. ಮನೆಯ ತಿರುವು ಹತ್ತಿರ ಬಂದಾಗ, ಈಗ ಹೇಳದಿದ್ದರೆ ಇನ್ನೆಂದೂ ಆಗುವುದಿಲ್ಲವೆನಿಸಿತು. ಗಂಗವ್ವಾ, ಸುಮಿತ್ರಾ ತೀರಿಕೊಂಡಾಗ ಸಾಹೇಬರ ಕಾಗದ ಬಂದಿತ್ತಲ್ಲ ಎಂದು ಶುರು ಮಾಡಿದೆ.

"ಗೊತ್ತೈತಿ ಅಣ್ಣಾ" ಎಂದಳು ಗಂಗಾ, ರಸ್ತೆಯಿಂದ ಕಣ್ಣು ತೆಗೆಯದೆ. "ಸ್ಟಾಂಪ್ ಸೊಟ್ಟ ಬಿದ್ದಿತ್ತು. ಎಲ್ಲಾರಿಗೂ ಗೊತ್ತಿತ್ತು."